ಜಾಳಿಯ ಪಕ್ಕದ ದಾರಿ

ಕೌಸಲ್ಯಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ತನ್ನೊಳಗೇ ಒಪ್ಪಿಕೊಂಡಿದ್ದಳು, ಅಷ್ಟೆ. ಸುಳ್ಳು ನಾಲಿಗೆಗೆ ಬರುವ ಮೊದಲೇ ಅವಳ ಮುಖ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಇವತ್ತು ಕಾರ್ಖಾನೆಯ ತಪಾಸಣೆಗೆ ಬರುವ ಸಾಹೇಬ ಬೇರೆ ಎಲ್ಲರನ್ನೂ ಬಿಟ್ಟು ತನ್ನನ್ನೇ ಕೇಳಿದರೆ?

"ಜಾಳಿ ಯಾವಾಗಿಂದ ಅದ?" ಮುನೀಮ ಹಾವಗೆಪ್ಪ ಮುಂಜಾನೆಯಿಂದ ಹೆಂಗಸರಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದ.

"ಮೊದಲಿಂದ ಅದರಿ."

"ಹಾಂ. ಯಾರರ ಬ್ಯಾರೆ ಮಾತಾಡಿದ್ರ, ನಾಳಿಂದ ಮನ್ಯಾಗ ಕುಂಡ್ರೋದೇ ನೋಡ್ರಿ."

ಭಾಲ್ಕಿಯ ಆ ಹತ್ತಿ ಕಾರ್ಖಾನೆಯಲ್ಲಿ ಯಂತ್ರಗಳನ್ನೆಲ್ಲ ತಿರುಗಿಸುವ ದೊಡ್ಡ ಚರ್ಮದ ಪಟ್ಟಾ ಇತ್ತು. ಅದಕ್ಕೆ ಅಡ್ಡವಾಗಿ ಕಬ್ಬಿಣದ ಜಾಳಿ ಇರಬೇಕೆಂದು ನಿಜಾಮ ಸರಕಾರದ ಕಾಯಿದೆ. ಜಾಳಿಯೂ ಇತ್ತು, ಗೋದಾಮಿನಲ್ಲಿ. ಅದನ್ನು ಕೂಡಿಸಿದರೆ ದಾರಿ ಇಕ್ಕಟ್ಟಾಗಿ ಹತ್ತಿ ಬುಟ್ಟಿಗಳು ತಡವಾಗುತ್ತವೆಂದು ಮಾಲಕ ಸೇಠನ ತಕರಾರು. ತಪಾಸಣೆಯ ದಿನ ಮಾತ್ರ ಅದು ಹೊರಬರುತ್ತಿತ್ತು. ಹಿಂದಿನ ಸಾಹೇಬ ಜಾಳಿ ನೋಡಿ, ಪಾನ ತಿಂದು, ಹೋಗಿದ್ದ.

ಪಟ್ಟಾದ ಪಕ್ಕದ ಜಾಗ ಕೌಸಲ್ಯಾಳ ತಾಯಿ ಭೀಮಬಾಯಿಯದು. ಭೀಮಬಾಯಿಗೆ ಕಣ್ಣು ಮಂಜು. ಹೋದ ತಿಂಗಳು ಪಟ್ಟಾ ಅವಳನ್ನು ಎಳೆದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಕೆಲಸ ಉಳಿದರೆ ತಾಯಿ ಉಳಿಯುತ್ತಾಳೆಂಬ ಭರವಸೆಯಿಲ್ಲ.

ಬೀದರಿನಿಂದ ಬಂದ ಈ ಮಕ್ಸೂದ ಸಾಹೇಬ ಜಾಳಿಯ ಕಡೆ ಒಮ್ಮೆ ಮಾತ್ರ ನೋಡಿದ. ಯಂತ್ರದ ಹತ್ತಿರ ಬಗ್ಗಲಿಲ್ಲ. ಕುರ್ಚಿ ತರಿಸಿಕೊಂಡು ಬಾಗಿಲ ಬಳಿ ಕೂತ. "ಕೆಲಸ ನಡೀಲಿ," ಎಂದ. ಆಮೇಲೆ ಹೆಂಗಸರನ್ನು ನೋಡತೊಡಗಿದ.

ಒಬ್ಬೊಬ್ಬಳನ್ನೂ. ಬರುವಾಗ, ಹೋಗುವಾಗ. ಮುಖವನ್ನಲ್ಲ, ಅವನ ಕಣ್ಣು ಅವರ ಸೆರಗಿನ ಮೇಲಿತ್ತು.

"ಮಿಷನ್ ನೋಡ್ಲಾಕ ಬಂದಾನೋ, ಹೆಣ್ಣು ನೋಡ್ಲಾಕ ಬಂದಾನೋ?" ಪಕ್ಕದ ಶಾಲುಬಾಯಿ ಗೊಣಗಿದಳು.

"ನಿನ್ನ ನೋಡಿದ್ರ ಟಾಂಗಾ ಬಿಟ್ಟು ಓಡ್ತಾನ ತಗೋ," ಎಂದಳು ಭೀಮಬಾಯಿ.

ನಗು ಎದ್ದಿತು. ಕೂಡಲೇ ಅಡಗಿತು. ಸಾಹೇಬ ಶಾಲುಬಾಯಿಗೆ ಬೆರಳು ತೋರಿಸಿದ್ದ.

"ಬಾಯಿ, ಬಂದ ದಾರೀಲೇ ಇನ್ನೊಮ್ಮೆ ನಡೀರಿ."

ಶಾಲುಬಾಯಿ ಬುಟ್ಟಿ ಹೊತ್ತು ಮತ್ತೆ ನಡೆದಳು. ಸಾಹೇಬ ನೋಡಿದ. ತಲೆದೂಗಿದ.

ಹಾವಗೆಪ್ಪನ ಮೀಸೆಯಡಿ ನಗು ಮೂಡಿತು. ಸಾಹೇಬನ ನಾಡಿ ಸಿಕ್ಕಿತೆಂಬಂತೆ ನೆಟ್ಟಗೆ ಕೌಸಲ್ಯಾಳ ಬಳಿ ಬಂದ.

"ಹೋಗು, ಸಾಹೇಬರಿಗಿ ನೀರು ಕೊಟ್ಟು ಬಾ."

"ನಾನೇ ಯಾಕರಿ?"

"ಸಣ್ಣಾಕಿ ಇದ್ದಿ. ಖುಷ್ ಆಗ್ತಾರ. ಖುಷ್ ಆದ್ರ ಲಗೂ ಹೋಗ್ತಾರ."

ಭೀಮಬಾಯಿ ಎದ್ದು ನಿಂತಳು. "ನಾ ಒಯ್ತೀನ್ರಿ, ಅಣ್ಣಾ."

"ನೀ ಕುಂಡ್ರು. ಕೆಲಸ ಬ್ಯಾಡೇನು?"

ಕೌಸಲ್ಯಾ ನೀರಿನ ತಂಬಿಗೆ ಹಿಡಿದಳು. ದಾರಿ ಇದ್ದುದು ಜಾಳಿಯ ಪಕ್ಕದಲ್ಲೇ. ಸಾಹೇಬ ಕಣ್ಣು ಕೀಳಲಿಲ್ಲ. ಅವಳು ಎಡಗೈಯಿಂದ ಸೆರಗನ್ನು ಎದೆಗೆ ಅವುಚಿಕೊಂಡು, ಮೈ ಮುದುಡಿ ದಾಟಿದಳು. ದಾಟಿದ ಮೇಲೆ ಕೈ ತಾನಾಗಿ ಸಡಿಲಾಯಿತು. ತಂಬಿಗೆಗೆ ಎರಡೂ ಕೈ ಹಚ್ಚಿ ಅವನ ಮುಂದೆ ನಿಂತಳು.

ಸಾಹೇಬ ಎದ್ದ. ನೀರು ತೆಗೆದುಕೊಳ್ಳಲಿಲ್ಲ. ಹೆಂಗಸರ ಕೈಗಳು ನಿಂತವು. ಭೀಮಬಾಯಿ ತಡಕಾಡುತ್ತ ಮಗಳ ಕಡೆ ಬರತೊಡಗಿದಳು.

"ಬೇಟಿ," ಎಂದ ಸಾಹೇಬ, ಮೆಲ್ಲಗೆ. "ನನ್ನ ಮುಂದ ಬಂದು ಸೆರಗು ಬಿಟ್ಟಿ. ಅಲ್ಲಿ, ಜಾಳಿ ಹತ್ರ, ಗಟ್ಟಿ ಹಿಡಿದಿದ್ದಿ. ಮುಂಜಾನಿಂದ ಎಲ್ಲಾರೂ ಅಲ್ಲೇ ಹಿಡೀತಾರ. ಆ ಜಾಳಿ ಮೊದಲಿಂದ ಇದ್ರ, ನಿಮ್ಮ ಸೆರಗಿಗಿ ಪಟ್ಟಾದ ಅಂಜಿಕಿ ಯಾಕವ್ವಾ?"

ಹಾವಗೆಪ್ಪ ಕೆಮ್ಮಿದ. ಒಮ್ಮೆ, ಮತ್ತೊಮ್ಮೆ. ಭೀಮಬಾಯಿಯ ಕೈ ಬಂದು ಮಗಳ ಭುಜವನ್ನು ತಡವಿ ಹಿಡಿಯಿತು.

"ನಿನ್ನಿ ಇರಲಿಲ್ಲರಿ," ಎಂದಳು ಕೌಸಲ್ಯಾ, ಎಲ್ಲರಿಗೂ ಕೇಳುವಂತೆ. "ನೀವು ಹೋದ್ರ, ನಾಳಿನೂ ಇರಂಗಿಲ್ಲರಿ."