ಏಳನೇ ನಂಬರಿನ ಕೋಣೆ

"ಇನ್ನೂ ಬಿಗಿಯಾಗಿ ಜಗ್ಗು," ಎಂದಳು ಮುರಿಗೆವ್ವ. "ಮನ್ಯಾಗಿನ ಹಾಸಿಗಿಗಿ ಸುಕ್ಕ ಇರತಾವ. ಹೋಟೆಲಿನ ಹಾಸಿಗಿಗಿ ಇರೂದಿಲ್ಲ."

ಮಗಳು ಶಾಂಭವಿ ಬಿಳಿ ಚಾದರದ ಅಂಚನ್ನು ಗಾದಿಯ ಕೆಳಗೆ ತುರುಕಿದಳು. ಆಟೊ ಬರುವ ಹೊತ್ತಾಗಿತ್ತು.

ವಿದ್ಯಾನಗರದ ಆ ಮನೆಯ ಮಲಗುವ ಕೋಣೆ ಈಗ ಗುರುತು ಸಿಗದಂತಿತ್ತು. ಬಣ್ಣದ ತುಂಡುಗಳ ಕೌದಿ ಅಟ್ಟಕ್ಕೇರಿತ್ತು. ಕ್ಯಾಲೆಂಡರ್, ವಿಭೂತಿ ಗಟ್ಟಿ, ಗುಳಿಗೆಯ ಡಬ್ಬಿ ಎಲ್ಲ ಹೊರಗೆ. ಮೇಜಿನ ಮೇಲೆ ನೀರು ಕಾಯಿಸುವ ಕೆಟಲ್, ಕಾಗದದ ಟೋಪಿ ಹಾಕಿದ ಗ್ಲಾಸು, ಹುಣಸೆಬೀಜದಷ್ಟು ಸಾಬೂನು. ಎಲ್ಲಿಗೂ ಜೋಡಿಸದ ಒಂದು ಫೋನು. ಬಾಗಿಲಿಗೆ ಹಿತ್ತಾಳೆಯ ಏಳನೇ ನಂಬರು. ಹಿಡಿಕೆಗೆ 'ದಯವಿಟ್ಟು ತೊಂದರೆ ಕೊಡಬೇಡಿ' ಎಂಬ ರಟ್ಟು. ಬರೆದವಳು ಮುರಿಗೆವ್ವ, ಅಕ್ಷರಗಳು ಸಾಲು ತಪ್ಪಿ ಕೆಳಗಿಳಿದಿದ್ದವು.

"ಗ್ವಾಡಿ ಮ್ಯಾಲಿನ ಫೋಟೋ?"

"ಎಲ್ಲಾ ತಗದೇನಿ."

"ನೋಡು ಮತ್ತ. ಒಂದ ಉಳದ್ರೂ ಸಿಕ್ಕಬೀಳತೇವಿ."

ಶಾಂಭವಿ ದಿಂಬನ್ನು ಎದೆಗವಚಿ ನಿಂತಳು. "ಅವ್ವಾ, ಇದು ಮೋಸ ಅಲ್ಲೇನು?"

"ಮೋಸನ. ಬ್ಯಾರೆ ದಾರಿ ಇದ್ರ ಹೇಳು."

ಶಾಂಭವಿ ದಿಂಬನ್ನು ಚಾದರದ ಮೇಲಿಟ್ಟಳು. ಈಗ ಆಟೊದಲ್ಲಿ ಬರಬೇಕಾದವರು ಕಳೆದ ತಿಂಗಳು ಇದೇ ಕೋಣೆಯಲ್ಲಿ, "ನನ್ನ ಯಾಕ ಕೂಡಿಹಾಕೀರಿ? ಪರರ ಮನ್ಯಾಗ ನಾ ಮಲಗಾಂವಲ್ಲ!" ಎಂದು ಕೂಗಿ ಕಿಟಕಿಯ ಗಾಜು ಒಡೆದಿದ್ದರು. ತಡೆಯಹೋದ ಮುರಿಗೆವ್ವನ ಮೊಣಕೈ ಸೀಳಿತ್ತು. ಕೈಗೆ ಸಿಕ್ಕ ಬಸ್ಸು ಹತ್ತಿ ಓಡಿದವರು ಕೊನೆಗೆ ಸಿಕ್ಕಿದ್ದು ಊರಾಚೆಯ ಕೈಗಾರಿಕಾ ಪ್ರದೇಶದ ಹೆದ್ದಾರಿಯಲ್ಲಿ, ಲಾರಿಗಳ ನಡುವೆ. ಪೊಲೀಸರ ಮುಂದೆ ಮುರಿಗೆವ್ವನತ್ತ ಬೆರಳು ಮಾಡಿ, "ಈಕಿ ಯಾರೋ ನನಗ ಗೊತ್ತಿಲ್ಲ" ಎಂದಿದ್ದರು. ಪೊಲೀಸರು ಹೇಗೋ ಬಿಟ್ಟರು. ಲಾರಿಗಳು ಇನ್ನೊಮ್ಮೆ ಬಿಡುತ್ತವೆ ಎಂದು ಹೇಳಲಾಗದು.

ಕೀಲಿ ಹಾಕಿದರೆ ಕೆರಳುತ್ತಾರೆ. ಹತ್ತಿ ವ್ಯಾಪಾರಕ್ಕೆ ಊರೂರು ತಿರುಗಿದ ಜೀವ. ಅವರಿಗೆ ನಿದ್ದೆ ಬಂದರೆ ಹೋಟೆಲಿನಲ್ಲಿ ಬರಬೇಕು. ಉಪಾಯ ಹೇಳಿದವನು ಪಕ್ಕದ ಮನೆಯ ಆಟೊದವ ಗೌಸಮೊದ್ದೀನ. ಮಧ್ಯಾಹ್ನವೇ ಅವರನ್ನು ಕೂಡಿಸಿಕೊಂಡು ಹೋಗಿದ್ದ. ಉಣಕಲ್ ಕೆರೆ ಸುತ್ತಿಸಿ, ದಾರಿ ಮರೆಸಿ ಕರೆತರುವುದೆಂದು ಮಾತಾಗಿತ್ತು.

ಹೊರಗೆ ಹಾರ್ನ್ ಕೇಳಿತು.

"ನೀ ಅಡಗಿಮನ್ಯಾಗ ಕುಂದರು," ಮುರಿಗೆವ್ವ ಮಗಳನ್ನು ನೂಕಿದಳು. "ನಿನ್ನ ಮಾರಿ ನೋಡಿದ್ರ ಅವರಿಗಿ ಏನೇನೋ ನೆನಪಾಗತೈತಿ."

"ಬರ್ರಿ ಸಾಹೇಬ್ರ!" ಗೌಸಮೊದ್ದೀನನ ದನಿ. "ಹುಬ್ಬಳ್ಳ್ಯಾಗ ಇದಕ್ಕಿಂತ ಛಲೋ ಹೋಟೆಲ್ ಇಲ್ಲ. ತಗಣಿ ಸೈತ ಕೇಳಿ ಒಳಗ ಬರತಾವ."

ಅತಿಥಿ ನಗಲಿಲ್ಲ. ಕಂಕುಳಲ್ಲಿ ಬಟ್ಟೆಯ ಚೀಲ. ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಒಮ್ಮೆ ಮುಟ್ಟಿದ ಶಾಂಭವಿ ಕೆನ್ನೆಗೆ ಏಟು ತಿಂದಿದ್ದಳು. ಅವರು ಹಾಸಿಗೆ ಒತ್ತಿ ನೋಡಿದರು. ಸಾಬೂನು ಮೂಸಿದರು. ಫೋನಿನತ್ತ ಕೈ ಚಾಚಿದಾಗ ಮುರಿಗೆವ್ವ ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಅವರು ಅದರ ಧೂಳು ಒರೆಸಿ ಸುಮ್ಮನಾದರು.

"ಹೂಂ. ಸ್ವಚ್ಛ ಐತಿ. ಊಟ ತರ್ರಿ."

ರೊಟ್ಟಿ, ಎಣ್ಣೆಗಾಯಿ, ಮೊಸರು. ತಲೆ ತಗ್ಗಿಸಿ ಉಂಡರು. ತಾಟು ಬರಿದಾಯಿತು. ಎಲ್ಲ ನೆಟ್ಟಗೆ ಸಾಗಿತ್ತು, ಮುರಿಗೆವ್ವನ ಬಾಯಿ ಜಾರುವ ತನಕ.

"ಇಷ್ಟ ಉಂಡ್ರ ಹೆಂಗ? ಇನ್ನರ್ಧ ಹಾಕೊಳ್ರಿ, ನನ್ನ ಆಣಿ ಐತಿ."

ಅತಿಥಿಯ ಕೈ ತಾಟಿನ ಮೇಲೆ ನಿಂತಿತು. ನಿಧಾನವಾಗಿ ತಲೆಯೆತ್ತಿದರು.

"ಹೋಟೆಲದಾಗ ಯಾರೂ ಆಣಿ ಹಾಕಿ ಉಣಸೂದಿಲ್ಲ."

ಎದ್ದರು. ಚೀಲ ಕಂಕುಳಿಗೆ ಹೋಯಿತು. "ಖರೇ ಹೇಳ್ರಿ. ಇದು ಯಾರ ಮನಿ?"

"ಹೋಟೆಲ್ ರೀ..."

"ಮಾಲಕರ ಹೆಸರೇನು?"

ಮುರಿಗೆವ್ವನ ಬಾಯಿಗೆ ಒಂದು ಹೆಸರು ಬಂದಿತ್ತು. ಆದರೆ ಜನ್ಮದಲ್ಲಿ ಅದನ್ನು ನೆಟ್ಟಗೆ ಆಡಿದವಳಲ್ಲ.

"ಮಾಲಕರ ಹೆಸರ ಗೊತ್ತಿಲ್ಲ? ಕಳ್ಳರಿದ್ದೀರಿ ನೀವು!" ಅವರ ಕೈ ಚಿಲಕದ ಮೇಲೆ ಬಿತ್ತು. ಹೊರಗೆ ರಸ್ತೆ. ರಸ್ತೆಯಾಚೆ ಬಸ್ಸುಗಳು.

"ಗೊತ್ತೈತ್ರಿ!" ಅವಳು ಚೀರಿದಳು. "ನನ್ನ ಗಂಡರಿ ಅವರು. ಗಂಡನ ಹೆಸರ ಹೆಂಗ ಹೇಳ್ಲಿ?"

ಚಿಲಕದ ಮೇಲಿನ ಕೈ ಸಡಿಲಾಯಿತು. ಆ ಕಣ್ಣಿನಲ್ಲಿ ಒಂದಿಷ್ಟು ತುಂಟತನ ಮಿನುಗಿತು.

"ಹಂಗಾರ ಒಡಪು ಹಾಕಿ ಹೇಳ್ರಿ. ಸುಳ್ಳ ಇದ್ರ ಒಡಪು ಬರೂದಿಲ್ಲ."

ಪ್ರಾಸದ ಸೆರಗು ಹೊದಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಮುರಿಗೆವ್ವ ಕಣ್ಣು ಮುಚ್ಚಿದಳು. ಮದುವೆಯ ದಿನ ಹೊಸ್ತಿಲಲ್ಲಿ ತಡೆದಾಗ ಹೇಳಿದ್ದೇ ನೆನಪಿಗೆ ಬಂತು.

"ಹೆಬ್ಬಳ್ಳಿ ಹೊಲದಾಗ ಹತ್ತಿ ಅರಳೇತಿ ಬೆಳ್ಳಗ, ಶಾಂತಯ್ಯನವರು ಬಂದ್ರ ದೀಪ ಹತ್ತತೈತಿ ಒಳಗ."

ಕಣ್ಣು ತೆರೆಯಲು ಅಂಜಿಕೆ. ಆ ಹೆಸರು ಏನು ಮಾಡುತ್ತದೋ.

"ಭಲೇ!" ಅತಿಥಿ ತೊಡೆ ತಟ್ಟಿ ಮಂಚದ ಮೇಲೆ ಕುಳಿತರು. "ಮನಿತನದ ಹೆಣಮಗಳು. ನಿಮ್ಮನ್ನ ನಂಬಬಹುದು."

ಚೀಲ ಬಿಚ್ಚಿದರು. ಒಳಗೆ ಇದ್ದದ್ದು ಒಂದೇ ಲಕೋಟೆ, ಅಂಚು ಸವೆದದ್ದು, ಅಂಚೆಚೀಟಿ ಹಚ್ಚಿದ್ದು.

"ಇದನ್ನ ಡಬ್ಬಿಗಿ ಹಾಕ್ರಿ. ದೀಪಾವಳಿಯಿಂದ ಇಟಗೊಂಡ ತಿರಗಾಕತ್ತೇನಿ, ಯಾರ ಮ್ಯಾಲೂ ಭರವಸಾ ಬರಲಿಲ್ಲ. ಇಷ್ಟ ಊರ ತಿರಗಿದೆ, ಮನಿಗಿ ಒಂದ ಪತ್ರ ಬರೀಲಿಲ್ಲ ನೋಡ್ರಿ. ನನ್ನಾಕಿಗಿ ಓದಾಕ ಬರತಿರಲಿಲ್ಲ. ಈಗ ರಾತ್ರಿ ಸಾಲಿಗಿ ಹೋಗಿ ಕಲತಾಳ. ದಾರಿ ಕಾಯಾಕತ್ತಿರತಾಳ, ಪಾಪ."

ಹೀಗೆಂದು ಸುಕ್ಕಿಲ್ಲದ ಚಾದರದ ಮೇಲೆ ಒರಗಿ, ಮಗುವಿನಂತೆ ನಿದ್ದೆ ಹೋದರು.

ಮುರಿಗೆವ್ವ ಬಾಗಿಲು ಸದ್ದಾಗದಂತೆ ಎಳೆದುಕೊಂಡು, ಓಣಿಯ ತುದಿಯ ಕೆಂಪು ಡಬ್ಬಿಯ ತನಕ ನಡೆದಳು. ಬೀದಿದೀಪದ ಕೆಳಗೆ ಲಕೋಟೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒಡೆಯಲಿಲ್ಲ. ಅಂಚೆಯವನ ಕೈಯಿಂದಲೇ ಬರಲಿ ಎಂದು ಡಬ್ಬಿಯೊಳಗೆ ಬಿಟ್ಟಳು.

ಕಳಿಸಿದವರ ಜಾಗದಲ್ಲಿ ಅವಳು ಒಡಪಿನಲ್ಲಿ ಹೇಳಿದ ಹೆಸರೇ ಇತ್ತು. ಮುಟ್ಟಬೇಕಾದವರ ಜಾಗದಲ್ಲಿ, ಅವಳದು.