ಏರಿನ ಮಧ್ಯೆ ನಿಂತ ಸೈಕಲ್ಲು

ಭಾರ್ಗವಿ ತನ್ನ ಕೋಣೆಯಲ್ಲಿ ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿಯುತ್ತಿದ್ದಳು. ಅವಳು ತುಳಿದಂತೆಲ್ಲ ಎದುರಿನ ಪರದೆಯಲ್ಲಿ ಅವಳ ಸೈಕಲ್ ಬೊಂಬೆ ಬೆಟ್ಟದ ರಸ್ತೆ ಏರುತ್ತಿತ್ತು. ಪಕ್ಕದಲ್ಲೇ ಜಯಣ್ಣನವರ ಬೊಂಬೆ. ಒಂದು ವರ್ಷದಿಂದ ಪ್ರತಿ ಭಾನುವಾರ ಈ ಆನ್‌ಲೈನ್ ರೇಸಿನಲ್ಲಿ ಇಬ್ಬರೂ ಮೈಕಿನಲ್ಲಿ ಹರಟುತ್ತಾ ಪೈಪೋಟಿ ನಡೆಸುತ್ತಿದ್ದರು. ಆದರೂ ಅವರ ಊರನ್ನಾಗಲಿ, ಫೋನ್ ನಂಬರನ್ನಾಗಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

“ಯಾಕೋ ಎದೆ ಹಿಡ್ಕೊಂಡಂಗಾಗ್ತಿದೆ ಕಣಮ್ಮ,” ಎಂದರು ಜಯಣ್ಣ.

“ಇಳಿದುಬಿಡಿ ಸರ್, ರೇಸ್ ಹಾಳಾಗಿ ಹೋಗ್ಲಿ. ಮನೇಲಿ ಯಾರಿದಾರೆ?”

ಆ ಕಡೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಅವರ ಬೊಂಬೆ ಏರಿನ ಮಧ್ಯೆ ನಿಂತುಬಿಟ್ಟಿತು.

ಭಾರ್ಗವಿ ಸೈಕಲ್ಲಿನಿಂದ ಹಾರಿ ಇಳಿದು ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು.

“ಯಾವ ಊರು ಮೇಡಂ?”

“ಗೊತ್ತಿಲ್ಲ ಸರ್.”

“ಊರೇ ಗೊತ್ತಿಲ್ದೆ ಗಾಡಿ ಎಲ್ಲಿಗೆ ಕಳ್ಸೋಣ ಹೇಳಿ?”

ರೇಸಿನಲ್ಲಿದ್ದ ಉಳಿದವರನ್ನು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ. ಮೈಕಿಗೆ ಬಾಯಿಟ್ಟು “ಸರ್, ಸರ್” ಎಂದು ಗಂಟಲು ಹರಿಯುವಂತೆ ಕೂಗಿದಳು. ಹಿಂದಿನಿಂದ ಬಂದವರೆಲ್ಲ ಆ ಬೊಂಬೆಯನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು. ಅವಳು ನೋಡುತ್ತಾ ನಿಂತಿದ್ದಳು.

ಹತ್ತು ನಿಮಿಷ ಕಳೆದಿರಬೇಕು. ಬೊಂಬೆ ಮೆಲ್ಲಗೆ ಅಲುಗಿತು. ಒಂದೊಂದೇ ಅಡಿ ಮುಂದೆ ಸರಿಯತೊಡಗಿತು. ಭಾರ್ಗವಿಗೆ ಹೋದ ಜೀವ ಬಂದಂತಾಯಿತು.

“ಅಬ್ಬಾ! ಎದ್ರಾ ಸರ್? ಎಷ್ಟು ಹೆದರಿಸಿಬಿಟ್ರಿ!”

ಆ ಕಡೆಯಿಂದ ಪುಟ್ಟ ಹುಡುಗಿಯೊಬ್ಬಳ ದನಿ ಕೇಳಿಸಿತು.

“ತಾತ ನೆಲದ ಮೇಲೇ ಮಲಗ್ಬಿಟ್ಟಿದಾರೆ ಆಂಟಿ. ಅವ್ರು ಸೋತೋಗ್ಬಾರ್ದು ಅಂತ ನಾನೇ ಕೈಯಲ್ಲಿ ಪೆಡಲ್ ತಿರುಗಿಸ್ತಿದೀನಿ.”