ಅತ್ತೆಯ ಕೈಗುಣ

"ಇದು ಬ್ಯಾಳಿಯೇನ, ಉಸುಕೇನ? ಹಲ್ಲು ಮುರೀಲಿಕತ್ತಾವ!" ಶರಣಬಸಮ್ಮ ಸೊಸೆಯ ಮುಂದೆ ತಾಟು ಕುಕ್ಕಿದಳು.

ದಂಡೋತಿ ಊರಿನ ಆ ಮನೆಗೆ ಬಂದ ಸೂಗಮ್ಮನ ಮದುವೆಯ ಹಸಿರು ಬಳೆ ಇನ್ನೂ ಮಾಸಿರಲಿಲ್ಲ. ಎಷ್ಟು ಉರಿ ಹಾಕಿದರೂ ಅವಳ ತೊಗರಿಬೇಳೆ ಬೇಯುತ್ತಿರಲಿಲ್ಲ.

"ಬಾವಿ ನೀರು ಕೆಟ್ಟದರಿ ಅತ್ತಿ. ಪರ್ಸಿ ಖಣಿ ಆಳ ಆದಾಗಿಂದ ಸುಣ್ಣದ ನೀರು ಇಳೀಲಿಕತ್ತದ."

ಮೈಯೆಲ್ಲ ಉರಿಸುವ ಮಾತು. ನಿಜಾಮರ ಆಳ್ವಿಕೆ ಹೋದ ಮರುವರ್ಷ ಬಾವಿಯ ಪಕ್ಕದ ಹೊಲವನ್ನು ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಣಿಗೆ ಕೊಟ್ಟವಳು ಶರಣಬಸಮ್ಮನೇ.

"ನೀರಿನ ಸುದ್ದಿ ಎತ್ತಬ್ಯಾಡ. ನನ್ನ ಕೈಯಾಗ ಬ್ಯಾಳಿ ಬೆಣ್ಣಿ ಆಗ್ತದ. ನಿನಗ ಕೈಗುಣ ಇಲ್ಲ, ನಡಿ ತವರಿಗೆ!"

ಬೆಣ್ಣೆಯಾಗುತ್ತಿದ್ದದ್ದು ನಿಜ. ಗಣಿಯನ್ನು ಬೈಯಲು ಬಂದ ಹೆಂಗಸರು ಕೂಡ ಅವಳ ಸಾರು ಉಂಡು ತೆಪ್ಪಗೆ ಹೋಗುತ್ತಿದ್ದರು.

ದೈವಭಕ್ತಿಯೂ ಹಾಗೇ, ಒಂದು ಕೈ ಮೇಲೆ. ದಿನಾ ನಸುಕಿಗೆ ಗಣಿ ಸುತ್ತು ಹಾಕಿ ದೂರದ ಕಾಗಿಣಾ ಹೊಳೆಯಿಂದ ಲಿಂಗಪೂಜೆಗೆ ಅಗ್ಗವಣಿಯ ನೀರು ತರುತ್ತಿದ್ದಳು. ಅಂಗೈಯೊಳಗಿನ ಲಿಂಗಕ್ಕೆ ಸೊಂಟದ ಮೇಲೊಂದು ದೊಡ್ಡ ಕೊಡ. ಅಬ್ಬಾ, ಭಕ್ತಿ ಅಂದರೆ ಇದು ಎಂದು ಓಣಿಯೆಲ್ಲ ಕೈಮುಗಿಯುತ್ತಿತ್ತು.

ಮಗಳನ್ನು ಕರೆದೊಯ್ಯಲು ಕುರಕುಂಟಾದಿಂದ ಸೂಗಮ್ಮನ ಅಪ್ಪ ಕಲ್ಯಾಣಪ್ಪ ಮುಖ ಬಾಡಿಸಿಕೊಂಡು ಬಂದ. ಸೂಗಮ್ಮನಿಗೆ ಎದೆ ಒಡೆದಂತಾಯಿತು. ಗಂಡನೆಂದರೆ ಅವಳಿಗೆ ಜೀವ.

"ಊರ ಮುಂದ ಇಬ್ಬರೂ ಬೇಯಿಸೋಣ್ರಿ," ಎಂದಳು. "ನಾ ಸೋತರ ಬಾಯಿ ಮುಚ್ಚಿಕೊಂಡು ಹೋಗ್ತೀನಿ."

ಅತ್ತೆ ನಕ್ಕು ಒಪ್ಪಿದಳು. ಊರ ಅಯ್ಯನವರಾದ ಮಡಿವಾಳಯ್ಯ ತೀರ್ಪು ಹೇಳುವುದೆಂದಾಯಿತು.

ಮರುದಿನ ಅತ್ತೆ ಕಣ್ಣು ಮುಚ್ಚಿ ಪೂಜೆಗೆ ಕುಳಿತಿದ್ದಾಗ, ಧೂಳೇಳಬಾರದೆಂದು ಸೂಗಮ್ಮ ಅಂಗಳಕ್ಕೆಲ್ಲ ದಂಡಿಯಾಗಿ ನೀರು ಹೊಡೆದಳು. ಆಮೇಲೆ ಬಾವಿಗೆ ಎರಡು ಸಲ ಹೋಗಿಬಂದಳು. ಪಕ್ಕದ ಮನೆಯ ಭೀಮಮ್ಮನಿಗೆ ಯಾಕೋ ಅನುಮಾನ.

"ಹುಡುಗಿ ಸೋಡಾ ಗೀಡಾ ಹಾಕ್ಯಾಳು, ಕಣ್ಣಿಡ್ರಿ," ಎಂದು ಅವಳ ಸೆರಗು ಕೊಡವಿ ನೋಡಿದಳು. ಏನೂ ಸಿಗಲಿಲ್ಲ.

ಎರಡು ಒಲೆ, ಒಂದೇ ಚೀಲದ ಬೇಳೆ. ಶರಣಬಸಮ್ಮ ಒಳಗಿನಿಂದ ತುಂಬಿದ ಗಡಿಗೆ ತಂದು ಒಲೆಗಿಟ್ಟಳು.

"ನೀರು ಎಲ್ಲೀವು?" ಮಡಿವಾಳಯ್ಯ ಕೇಳಿದರು.

"ಬಾವೀವರಿ. ಮತ್ಯಾವು?" ಎಂದಳು ಅತ್ತೆ.

"ಹೌದ್ರಿ, ಎರಡೂ ಬಾವೀವೇ," ಎಂದಳು ಸೊಸೆ.

ಬಿಸಿಲು ನೆತ್ತಿಗೇರಿತು. ಮಡಿವಾಳಯ್ಯ ಸೂಗಮ್ಮನ ಗಡಿಗೆಯಿಂದ ಒಂದು ಕಾಳು ತೆಗೆದು ಹಿಚುಕಿದರು. ಕಲ್ಲು. ಕಲ್ಯಾಣಪ್ಪ ತಲೆ ತಗ್ಗಿಸಿದ. ಶರಣಬಸಮ್ಮ ಗೆದ್ದವಳಂತೆ ಎದ್ದು ತನ್ನ ಗಡಿಗೆಗೆ ಸೌಟು ಹಾಕಿದಳು. ಬೇಳೆ ಕಾಳುಕಾಳಾಗಿ ತಳದಲ್ಲಿ ಉರುಳಾಡಿತು. ಅವಳ ಮುಖ ಕೆಂಪೇರಿತು. ಸೌಟು ಬಿಸಾಕಿ ಊರೆಲ್ಲ ಕೇಳುವಂತೆ ಕಿರುಚಿದಳು:

"ಯಾವಾಕಿ ನನ್ನ ಹೊಳಿ ನೀರು ಚೆಲ್ಲಿ ಈ ಸುಡುಗಾಡು ಬಾವಿ ನೀರು ತುಂಬ್ಯಾಳ? ಇದರಾಗ ಯಾರ ಬ್ಯಾಳಿ ಬೆಂದದ!"